ಬೈಲು ಊರಿನದು, ಬೋರ್ಡು ನಿಮ್ಮದು

ಹುಬ್ಬಳ್ಳಿಯಲ್ಲಿ ಯಾರನ್ನಾದರೂ ಅಂಗಡಿಯ ವಿಳಾಸ ಕೇಳಿ ನೋಡಿ. ಮೊದಲು ಬರುವುದು ಸರ್ಕಲ್ಲಿನ ಹೆಸರು, ಆಮೇಲೆ ಓಣಿಯದು, ಅಂಗಡಿಯದು ಕಟ್ಟಕಡೆಗೆ. 'ದುರ್ಗದ ಬೈಲ್ ದಾಟಿ ಎಡಕ್ಕ ಹೊಳ್ರಿ, ಅಲ್ಲೇ ಯಾರನ್ನರ ಕೇಳ್ರಿ' ಎಂದರೆ ವಿಳಾಸ ಮುಗಿಯಿತು. ಹೀಗಿರುವಾಗ ಹೊಸದಾಗಿ ಖಾನಾವಳಿ, ಬಟ್ಟೆ ಅಂಗಡಿ, ಕಾಫಿ ಬಾರ್ ತೆರೆಯುವವರಿಗೆ ಆ ಚೌಕದ ಹೆಸರನ್ನೇ ಬೋರ್ಡಿಗೆ ಏರಿಸುವ ಆಸೆ ಹುಟ್ಟುವುದರಲ್ಲಿ ಆಶ್ಚರ್ಯವಿಲ್ಲ. ಜಾಹೀರಾತಿಗೆ ಒಂದು ರೂಪಾಯಿ ಸುರಿಯದೆ ಎಲ್ಲರ ನಾಲಿಗೆಯ ಮೇಲಿರುವ ಹೆಸರು ಸಿಕ್ಕಂತಾಯಿತು. ತೊಡಕು ಇರುವುದೂ ಅಲ್ಲಿಯೇ. ಎಲ್ಲರ ನಾಲಿಗೆಯ ಮೇಲಿರುವ ಹೆಸರು ಎಲ್ಲರದೂ ಹೌದು. ನಾಳೆ ಪಕ್ಕದವನು ಅದೇ ಹೆಸರಿಟ್ಟರೆ ತಡೆಯಲು ನಿಮ್ಮ ಕೈಯಲ್ಲಿ ಏನಿದೆ ಎಂಬ ಪ್ರಶ್ನೆಯನ್ನು ಬೋರ್ಡು ಬರೆಸುವ ಮೊದಲೇ ಕೇಳಿಕೊಳ್ಳಬೇಕು.

ಚೌಕದ ಹೆಸರನ್ನು ಎರವಲು ತರಬಹುದು, ಆದರೆ ಒಡೆತನ ಬರುವುದು ಅದಕ್ಕೆ ನೀವು ಏನು ಸೇರಿಸುತ್ತೀರಿ ಎಂಬುದರ ಮೇಲೆ. ಈ ಬರಹದಲ್ಲಿ ಹೇಳುವುದೆಲ್ಲ ಇದರ ವಿವರ.

ಮಂದಿ ಇಟ್ಟ ಹೆಸರು, ಠರಾವು ಇಟ್ಟ ಹೆಸರು

ನಮ್ಮ ಕಡೆಯ ಚೌಕಗಳಿಗೆ ಹೆಸರು ಬಂದದ್ದು ಎರಡು ದಾರಿಯಿಂದ. ಕೆಲವು ಮಂದಿಯ ಬಾಯಲ್ಲೇ ಹುಟ್ಟಿದವು, ಉಳಿದವು ಪುರಸಭೆ, ಪಾಲಿಕೆಗಳ ಠರಾವಿನಿಂದ ಬಂದವು. ವ್ಯಾಪಾರಕ್ಕೆ ಹೆಸರು ಹುಡುಕುವವರು ಮೊದಲು ಈ ವ್ಯತ್ಯಾಸ ತಿಳಿಯಬೇಕು.

ಮಂದಿಯ ಬಾಯಲ್ಲಿ ಹುಟ್ಟಿದ ಹೆಸರಿನೊಳಗೆ ಆ ಜಾಗದ ಕೆಲಸ ಅಡಗಿರುತ್ತದೆ. ದುರ್ಗದ ಬೈಲ್ ಎಂದರೆ ಕೋಟೆಯ ಮುಂದಿನ ಬಯಲು. ಸವಣೂರ ನವಾಬರ ಕಾಲದಲ್ಲಿ, 1727ರ ಸುಮಾರಿಗೆ, ಬಸಪ್ಪಶೆಟ್ಟರು ಎಂಬ ವ್ಯಾಪಾರಿ ಹೊಸ ಹುಬ್ಬಳ್ಳಿಯನ್ನು ಕಟ್ಟಿದ್ದು ಈ ಬಯಲಿನ ಸುತ್ತ. ಈಗ ದುರ್ಗ ಇಲ್ಲ. ಬೈಲೂ ಹೆಸರಿಗಷ್ಟೇ, ಸಂಜೆಯಾದರೆ ತಿಂಡಿ ಗಾಡಿಗಳ ನಡುವೆ ಕಾಲಿಡಲು ಜಾಗ ಹುಡುಕಬೇಕು. ಆದರೆ ಹೆಸರು ಮಾತ್ರ ಮಾಸಿಲ್ಲ. ಪಕ್ಕದ ಜವಳಿ ಸಾಲ ಎಂದರೆ ಅರಿವೆ ಅಂಗಡಿಗಳ ಸಾಲು. ಗದಗಿನ ಮುಳಗುಂದ ನಾಕಾ ಮುಳಗುಂದದ ದಾರಿಗಿದ್ದ ಸುಂಕದ ಕಟ್ಟೆಯ ನೆನಪು. ಅದೇ ಊರಿನ ಟಾಂಗಾಕೂಟದಲ್ಲಿ ಟಾಂಗಾಗಳು ಕೂಡುತ್ತಿದ್ದವು; ಟಾಂಗಾ ಹೋಗಿ ಆಟೋ ಬಂದರೂ ಅದನ್ನು ಯಾರೂ ಆಟೋಕೂಟ ಎನ್ನಲಿಲ್ಲ. ಅಗಸಿ, ಕಟ್ಟೆ, ಚಾವಡಿ, ಪ್ಯಾಟಿ, ಸಂತಿ ಎಲ್ಲ ಇದೇ ಜಾತಿಯವು.

ಠರಾವಿನಿಂದ ಬಂದವು ಬಹುಮಟ್ಟಿಗೆ ವ್ಯಕ್ತಿಗಳ ಹೆಸರುಗಳು. ಹುಬ್ಬಳ್ಳಿಯ ಕಿತ್ತೂರು ರಾಣಿ ಚೆನ್ನಮ್ಮ ವೃತ್ತ, ಹಾವೇರಿಯ ಹೊಸಮನಿ ಸಿದ್ದಪ್ಪ ವೃತ್ತ ಇಂಥವು. ಧಾರವಾಡದಲ್ಲಿ ಜುಬಿಲಿ ಸರ್ಕಲ್ಲಿಗೆ ಕನ್ನಡದ ಕುಲಪುರೋಹಿತ ಆಲೂರು ವೆಂಕಟರಾಯರ ಹೆಸರಿದೆ. ಆಟೋದವರಿಗೆ ಇಂದಿಗೂ ಅದು ಜುಬಿಲಿ ಸರ್ಕಲ್ಲೇ. ಹುಬ್ಬಳ್ಳಿಯ ಲ್ಯಾಮಿಂಗ್ಟನ್ ರಸ್ತೆಗೆ ಆ ಹೆಸರು ಬಂದದ್ದು 1903ರಿಂದ 1907ರವರೆಗೆ ಮುಂಬಯಿ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್ನನಿಂದ. ಆತನ ಸರಕಾರ ಹೋಗಿ ಎಷ್ಟೋ ಕಾಲವಾಯಿತು, ರಸ್ತೆ ಮಾತ್ರ ಆತನನ್ನು ಬಿಟ್ಟಿಲ್ಲ.

ಅಂಗಡಿಗೆ ಯಾವುದು ಒಳ್ಳೆಯದು? ಬಹುತೇಕ ಸಂದರ್ಭಗಳಲ್ಲಿ ಮೊದಲನೆಯದು. ಠರಾವಿನ ಹೆಸರನ್ನು ಇನ್ನೊಂದು ಠರಾವು ಬದಲಿಸಬಲ್ಲದು. ಬಾಯಲ್ಲಿ ಹುಟ್ಟಿದ್ದನ್ನು ಬದಲಿಸಲು ಬಾಯಿಗಳೇ ಬದಲಾಗಬೇಕು. ಜೊತೆಗೆ ಬೈಲು, ಕೂಟ, ನಾಕಾ, ಸಾಲು ಎಂಬ ಪದಗಳಿಂದ ಕಣ್ಣಿಗೆ ಒಂದು ಚಿತ್ರ ಸಿಗುತ್ತದೆ; ಲೋಗೊ ಬರೆಯುವವರಿಗೆ ಹಿಡಿದುಕೊಳ್ಳಲು ಒಂದು ಎಳೆ ಸಿಗುತ್ತದೆ. 'ಸರ್ಕಲ್' ಎಂಬ ಪದದಿಂದ ಸಿಗುವುದು ಒಂದು ಸೊನ್ನೆ.

ಅದೇ ಹೆಸರು, ಬೇರೆ ಸರಕು

1999ರ ಟ್ರೇಡ್‌ಮಾರ್ಕ್ ಕಾಯಿದೆಯ 9ನೇ ಕಲಮಿನಲ್ಲಿ ಒಂದು ಮಾತಿದೆ: ಸರಕು ಎಲ್ಲಿಂದ ಬಂದದ್ದು ಎಂಬುದನ್ನಷ್ಟೇ ಸೂಚಿಸುವ ಪದವನ್ನು ಒಬ್ಬರ ಹೆಸರಿಗೆ ನೋಂದಾಯಿಸುವಂತಿಲ್ಲ. ಸಿಗರೇಟಿಗೆ 'ಸಿಮ್ಲಾ' ಎಂಬ ಗುರುತು ಕೇಳಿದ ಇಂಪೀರಿಯಲ್ ಟೊಬ್ಯಾಕೊ ಕಂಪನಿಗೆ 1977ರಲ್ಲಿ ಕಲಕತ್ತಾ ಹೈಕೋರ್ಟಿನಲ್ಲಿ ಅದು ಸಿಗಲಿಲ್ಲ. ಅಷ್ಟು ಪ್ರಸಿದ್ಧ ಊರಿನ ಹೆಸರನ್ನು ಒಬ್ಬರಿಗೇ ಬಿಟ್ಟುಕೊಡುವುದು ಹೇಗೆ ಎಂಬುದು ಅಲ್ಲಿನ ಸಾರ.

ಚೌಕದ ಹೆಸರಿಗೆ ಈ ಅಳತೆಗೋಲು ಹಿಡಿದಾಗ ಉತ್ತರ ಸರಕಿನ ಮೇಲೆ ನಿಲ್ಲುತ್ತದೆ. ಪೇಡೆಗೆ ಹೆಸರಾದ ಧಾರವಾಡದ ಲೈನ್ ಬಜಾರ್ ತೆಗೆದುಕೊಳ್ಳಿ. ಪೇಡೆಯ ಡಬ್ಬಿಯ ಮೇಲೆ 'ಲೈನ್ ಬಜಾರ್' ಎಂದು ಬರೆದರೆ ಗಿರಾಕಿ ಅದನ್ನು ಬ್ರ್ಯಾಂಡ್ ಎಂದು ಓದುವುದಿಲ್ಲ, ಪೇಡೆ ಎಲ್ಲಿಯದು ಎಂದು ಓದುತ್ತಾನೆ. ನೋಂದಣಿಗಾಗಿ ಸರಕು, ಸೇವೆಗಳನ್ನು ನಂಬರು ಹಾಕಿದ ವರ್ಗಗಳಾಗಿ ವಿಂಗಡಿಸಿದ್ದಾರೆ; ಪೇಡೆ ಬರುವುದು 30ನೇ ವರ್ಗದಲ್ಲಿ. ಅಲ್ಲಿ ಈ ಹೆಸರಿಗೆ ಆಕ್ಷೇಪ ಬರುವುದು ಹೆಚ್ಚುಕಡಿಮೆ ಖಚಿತ. ಅದೇ ಹೆಸರನ್ನು ಅಂಗಿಗಳಿಗೆ, ಅಂದರೆ 25ನೇ ವರ್ಗದಲ್ಲಿ, ಕೇಳಿದರೆ ವಾದಿಸಲು ಜಾಗವಿದೆ. ಲೈನ್ ಬಜಾರಿನ ಅಂಗಿ ಎಂದು ಯಾರೂ ಹುಡುಕಿಕೊಂಡು ಬರುವುದಿಲ್ಲವಲ್ಲ. ಜವಳಿ ಸಾಲ ಇದಕ್ಕೆ ಸರಿಯಾಗಿ ತಿರುಗುಮುರುಗು. ಸೀರೆ ಅಂಗಡಿಗೆ ಅದು ಬರೀ ವರ್ಣನೆ, ಕಾಫಿ ಬಾರಿಗೆ ಒಳ್ಳೆಯ ಗುರುತು. ದುರ್ಗದ ಬೈಲ್ ಎಂಬುದು ಗಿರ್ಮಿಟ್, ಮಿರ್ಚಿ ಗಾಡಿಗೆ ದುರ್ಬಲ, ಪುಸ್ತಕದ ಅಂಗಡಿಗೆ ಗಟ್ಟಿ. ಖಾನಾವಳಿ, ಹೋಟೆಲು 43ನೇ ವರ್ಗ. ಚಿಲ್ಲರೆ ಮಾರಾಟ 35. ಒಂದೇ ಅಂಗಡಿಯಲ್ಲಿ ಊಟ ಬಡಿಸಿ ಚಟ್ನಿಪುಡಿಯ ಪೊಟ್ಟಣವನ್ನೂ ಮಾರುವವರಿಗೆ 43 ಮತ್ತು 30 ಎರಡೂ ಬೇಕು. ಈ ಲೆಕ್ಕ ತಪ್ಪಿಸುವವರೇ ಹೆಚ್ಚು.

ಇಲ್ಲೊಂದು ವಿಚಿತ್ರವಿದೆ. ಚೌಕದಲ್ಲೇ ಅಂಗಡಿ ಇರುವವನಿಗೆ ಆ ಹೆಸರು ಬಳಸುವ ಹಕ್ಕು ಬಲವಾಗಿದೆ, ಒಡೆತನದ ಹಕ್ಕು ದುರ್ಬಲ. ಕಾಯಿದೆಯ 35ನೇ ಕಲಮು ತನ್ನ ವ್ಯಾಪಾರದ ಜಾಗದ ಹೆಸರನ್ನು ಪ್ರಾಮಾಣಿಕವಾಗಿ ಬಳಸುವವನನ್ನು ಕಾಪಾಡುತ್ತದೆ. ನೀವು ಗೋಕುಲ ರಸ್ತೆಯಲ್ಲಿ ಕುಳಿತು 'ದುರ್ಗದ ಬೈಲ್' ನೋಂದಾಯಿಸಿಕೊಂಡಿರಿ ಎನ್ನೋಣ. ನಿಜವಾದ ದುರ್ಗದ ಬೈಲಿನಲ್ಲಿ ಮೂವತ್ತು ವರ್ಷದಿಂದ ಇರುವ ಗಾಡಿಯವನಿಗೆ ನೋಟಿಸು ಕೊಟ್ಟರೆ ಅವನು ನಗುತ್ತಾನೆ, ನಗುವ ಹಕ್ಕು ಅವನಿಗಿದೆ. ನಿಮಗಿಂತ ಮೊದಲಿನಿಂದ ಬಳಸುತ್ತ ಬಂದವನಿಗೆ 34ನೇ ಕಲಮಿನ ರಕ್ಷಣೆ ಬೇರೆ. ನೋಂದಣಿ ಪತ್ರ ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಊರಿನ ನಕಾಶೆ ನಿಮ್ಮದಾಗುವುದಿಲ್ಲ.

ಹಾಗಾದರೆ ದಾರಿ? ಹೆಸರಿಗೆ ನಿಮ್ಮದೇ ಆದ ಒಂದು ಪದ ಜೋಡಿಸಿ. 'ದುರ್ಗದ ಬೈಲ್ ಖಾನಾವಳಿ' ಎಂದರೆ ಎರಡು ಸಾಮಾನ್ಯ ಪದಗಳ ಜೋಡಿ. 17ನೇ ಕಲಮಿನ ಪ್ರಕಾರ ಅಂಥ ಬಿಡಿ ಭಾಗಗಳ ಮೇಲೆ ನಿಮಗೆ ಪ್ರತ್ಯೇಕ ಹಕ್ಕಿಲ್ಲ. 'ಬೈಲಜ್ಜಿ' ಎಂದರೆ ಕಥೆ ಬೇರೆ. ಬೈಲೂ ಉಳಿಯಿತು, ಅಡುಗೆಯ ಕೈಯೂ ಬಂತು, ಹೀಗೆ ಇನ್ನಾರೂ ಹೇಳುವುದಿಲ್ಲ. 'ಏಳನೇ ಟಾಂಗಾ', 'ನಾಕಾದಾಚೆ' ಇಂಥವೂ ಹಾಗೆಯೇ. ಚೌಕವನ್ನು ಪೂರ್ತಿ ಹೇಳದೆ ಅದರ ಒಂದು ಚೂರನ್ನು ತೆಗೆದುಕೊಂಡು ಬೇರೊಂದಕ್ಕೆ ಕಟ್ಟಿದಾಗ ಹೆಸರು ಸರಕಿನಿಂದ ದೂರ ಸರಿಯುತ್ತದೆ. ಸರಕಿನಿಂದ ದೂರವಿದ್ದಷ್ಟೂ ಕಾನೂನಿನ ರಕ್ಷಣೆ ಗಟ್ಟಿ.

ಊರಿನ ಹೆಸರು ಸರಕಿಗೇ ಅಂಟಿಕೊಂಡಿರುವ ಕಡೆ ಇನ್ನೂ ಒಂದು ಬೇಲಿಯಿದೆ. ಧಾರವಾಡ ಪೇಡೆ, ಬ್ಯಾಡಗಿ ಮೆಣಸಿನಕಾಯಿ, ನವಲಗುಂದದ ಜಮಖಾನೆ, ಇಳಕಲ್ ಸೀರೆ ಇವಕ್ಕೆಲ್ಲ ಭೌಗೋಳಿಕ ಸೂಚನೆಯ (ಜಿಐ), ಅಂದರೆ ಸರಕು ಇಂಥ ಕಡೆಯದೇ ಎಂಬ ಗುರುತಿನ, ಮಾನ್ಯತೆ ಇದೆ. ಬೇರೆ ಕಡೆ ತಯಾರಾದ ಸರಕಿಗೆ ಈ ಹೆಸರು ಸೇರಿಸಿ, ಗಿರಾಕಿಯನ್ನು ದಾರಿ ತಪ್ಪಿಸುವಂತೆ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಆಗುವುದಿಲ್ಲ. ಬೇರೆಲ್ಲೋ ಬೆಳೆದ ಕಾಯಿಯ ಖಾರದಪುಡಿಗೆ 'ಬ್ಯಾಡಗಿ ಚೌಕ' ಎಂದು ಹೆಸರಿಡುವವರು ಇದನ್ನು ಗಮನದಲ್ಲಿಡಲಿ.

ವ್ಯಕ್ತಿಗಳ ಹೆಸರಿನ ವೃತ್ತಗಳು

ಇಲ್ಲಿ ಎಡವುವವರು ಬಹಳ. ಗಾಂಧಿ ಚೌಕ್, ನೆಹರೂ ಮೈದಾನ, ಶಿವಾಜಿ ವೃತ್ತ ಇಲ್ಲದ ಊರು ನಮ್ಮಲ್ಲಿ ಕಡಿಮೆ. 1950ರ ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆ ಕಾಯಿದೆಯ ಪಟ್ಟಿಯಲ್ಲಿ ಮಹಾತ್ಮ ಗಾಂಧಿ, ಜವಾಹರಲಾಲ್ ನೆಹರೂ, ಛತ್ರಪತಿ ಶಿವಾಜಿ, ಇಂದಿರಾ ಗಾಂಧಿ ಈ ನಾಲ್ಕೂ ಹೆಸರುಗಳಿವೆ. ಕೇಂದ್ರ ಸರಕಾರದ ಅನುಮತಿ ಇಲ್ಲದೆ ಇವನ್ನು ವ್ಯಾಪಾರದ ಗುರುತಾಗಿ ಬಳಸುವಂತಿಲ್ಲ. ಟ್ರೇಡ್‌ಮಾರ್ಕ್ ಕಚೇರಿಯೂ ತಿರಸ್ಕರಿಸುತ್ತದೆ. 'ಗಾಂಧಿ ಚೌಕ್ ಕೆಫೆ' ಎಂದು ಒಳಾಂಗಣಕ್ಕೆಲ್ಲ ದುಡ್ಡು ಸುರಿದ ಮೇಲೆ ಇದು ತಿಳಿದರೆ ಬಹಳ ತಡವಾಗಿರುತ್ತದೆ. ವಿಳಾಸದಲ್ಲಿ 'ಗಾಂಧಿ ಚೌಕ್ ಹತ್ತಿರ' ಎಂದು ಬರೆಯಲು ಅಡ್ಡಿಯಿಲ್ಲ, ಅದು ವಿಳಾಸ ಮಾತ್ರ.

ಇತ್ತೀಚೆಗೆ ತೀರಿಕೊಂಡವರ ಹೆಸರಿನ ವೃತ್ತವಾದರೆ ಟ್ರೇಡ್‌ಮಾರ್ಕ್ ಕಾಯಿದೆಯ 14ನೇ ಕಲಮು ನೋಡಬೇಕು. ಬದುಕಿರುವವರ ಹೆಸರಾಗಲಿ, ಅರ್ಜಿಗೆ ಹಿಂದಿನ 20 ವರ್ಷಗಳೊಳಗೆ ತೀರಿಕೊಂಡವರ ಹೆಸರಾಗಲಿ ಅವರೊಂದಿಗೆ ನಂಟಿದೆ ಎಂಬ ಭಾವನೆ ತರುವಂತಿದ್ದರೆ ಅವರ ಅಥವಾ ವಾರಸುದಾರರ ಒಪ್ಪಿಗೆಯನ್ನು ರಿಜಿಸ್ಟ್ರಾರ್ ಕೇಳಬಹುದು.

ಚೆನ್ನಮ್ಮನ ಹೆಸರು 1950ರ ಪಟ್ಟಿಯಲ್ಲಿಲ್ಲ. 1824ರಲ್ಲಿ ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ ಕಾಳಗ, 1829ರಲ್ಲಿ ಸೆರೆಯಲ್ಲೇ ರಾಣಿಯ ಮರಣ. 20 ವರ್ಷದ ಮಿತಿ ಎಂದೋ ದಾಟಿರುವುದರಿಂದ 14ನೇ ಕಲಮಿನ ಪ್ರಶ್ನೆ ಏಳುವುದಿಲ್ಲ. ಆದರೂ ಆ ಹೆಸರಿಗೆ ಕೈ ಹಾಕುವ ಮೊದಲು ಎರಡು ಸಲ ಯೋಚಿಸುವುದು ಒಳ್ಳೆಯದು. ಕುದುರೆಯ ಮೇಲೆ ಖಡ್ಗ ಹಿಡಿದ ರಾಣಿಯ ಚಿತ್ರ ಬಿಲ್ಲಿನ ಮೇಲೆ, ಪಾರ್ಸಲ್ ಚೀಲದ ಮೇಲೆ, ಕೈ ಒರೆಸುವ ಕಾಗದದ ಮೇಲೆ ಅಚ್ಚಾಗಿ ಸಂಜೆ ಚರಂಡಿಯ ಪಕ್ಕ ಬಿದ್ದಿರುವುದನ್ನು ಊಹಿಸಿಕೊಳ್ಳಿ. ಆಕ್ಷೇಪ ಬರಲು ಕಾನೂನೇ ಬೇಕೆಂದಿಲ್ಲ. ಮಠ, ದೇವಸ್ಥಾನ, ದರ್ಗಾಗಳ ಹೆಸರಿನ ಚೌಕಗಳಿಗೂ ಇದೇ ಮಾತು. ಅಲ್ಲಿ ಧಾರ್ಮಿಕ ಭಾವನೆಗೆ ಧಕ್ಕೆ ಎಂಬ ಕಾರಣ ಟ್ರೇಡ್‌ಮಾರ್ಕ್ ಕಾಯಿದೆಯಲ್ಲೇ ಇದೆ.

ಪುತ್ಥಳಿಯ ಚಿತ್ರ ಬರೆದುಕೊಳ್ಳಬಹುದೇ ಎಂಬುದು ಮೇಲಿಂದ ಮೇಲೆ ಬರುವ ಪ್ರಶ್ನೆ. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ನಿಂತ ಶಿಲ್ಪವನ್ನು ಚಿತ್ರಿಸುವುದು, ಫೋಟೊ ತೆಗೆದು ಪ್ರಕಟಿಸುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. ಅದೇ ಪುತ್ಥಳಿಯ ಚಿಕ್ಕ ಪ್ರತಿಕೃತಿ ಎರಕ ಹೊಯ್ಯಿಸಿ ಕೌಂಟರಿನ ಮೇಲಿಡಲು ಈ ವಿನಾಯಿತಿ ಸಾಲದು. ಯಾರೋ ತೆಗೆದ ಹಳೆಯ ಫೋಟೊ ಬಳಸುವುದು ಮತ್ತೂ ಬೇರೆ ವಿಷಯ. ಫೋಟೊದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ.

ಕಥೆ ಹೇಳುವ ಮೊದಲು ಉತಾರ ತೆಗೆಸಿ

ಚೌಕದ ಹೆಸರಿಟ್ಟವರು ಗೋಡೆಯ ಮೇಲೆ, ಮೆನು ಕಾರ್ಡಿನಲ್ಲಿ ಅದರ ಕಥೆ ಬರೆಯದೆ ಬಿಡುವುದಿಲ್ಲ. ಬರೆಯಲಿ. ಆದರೆ ಇಲ್ಲಿಯ ಗಿರಾಕಿಗಳಲ್ಲಿ ನಿವೃತ್ತ ಇತಿಹಾಸ ಮೇಷ್ಟ್ರು ಒಬ್ಬರಾದರೂ ಇದ್ದೇ ಇರುತ್ತಾರೆ, ಧಾರವಾಡದಲ್ಲಂತೂ ಪ್ರತಿ ಟೇಬಲ್ಲಿಗೆ ಒಬ್ಬರು. ತಪ್ಪು ಇಸವಿ ಬರೆದರೆ ಬಿಲ್ಲಿನ ಹಿಂಬದಿಗೆ ತಿದ್ದುಪಡಿ ಬರುತ್ತದೆ.

ಪರಿಶೀಲನೆಗೆ ಮೂರು ಜಾಗ ಸಾಕು. 1884ರಲ್ಲಿ ಬಂದ ಮುಂಬಯಿ ಪ್ರಾಂತದ ಗ್ಯಾಝೆಟಿಯರಿನ ಧಾರವಾಡ ಸಂಪುಟದಲ್ಲಿ ಆ ಕಾಲದ ಪೇಟೆ, ಕೋಟೆ, ಸುಂಕಗಳ ವಿವರ ಊರೂರಿನ ಪ್ರಕಾರ ಸಿಗುತ್ತದೆ. ಗದಗ, ಹಾವೇರಿ ಆಗ ಧಾರವಾಡ ಜಿಲ್ಲೆಯಲ್ಲೇ ಇದ್ದವು, 1997ರಲ್ಲಿ ಬೇರೆಯಾದವು. ಸಿಟಿ ಸರ್ವೆ ಕಚೇರಿಯಲ್ಲಿ ಕಟ್ಟಡದ ಸಿ.ಟಿ.ಎಸ್. (ಸಿಟಿ ಸರ್ವೆ) ನಂಬರು ಕೊಟ್ಟು ಉತಾರ, ಅಂದರೆ ಆಸ್ತಿ ದಾಖಲೆಯ ಪ್ರತಿ, ಮತ್ತು ನಕಾಶೆ ತೆಗೆಸಿದರೆ ಆ ಜಾಗ ದಾಖಲೆಯಲ್ಲಿ ಯಾವ ಪೇಟೆಗೆ ಸೇರಿದೆ ಎಂಬುದು ತಿಳಿಯುತ್ತದೆ. ಹೆಸರಿನ ಪದ ಎಲ್ಲಿಂದ ಬಂತು ಎಂಬ ಸಂಶಯವಿದ್ದರೆ 1939ರಿಂದ ಇರುವ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಂಥ ಕಡೆ ಕೇಳಬಹುದು. ಮೂರು ಕಡೆಯೂ ಸಿಗದ್ದನ್ನು 'ಎಂದು ಹಿರಿಯರು ಹೇಳುತ್ತಾರೆ' ಎಂದು ಬರೆಯಿರಿ, ಇಸವಿ ಹಾಕಬೇಡಿ.

ಉತಾರದಿಂದ ಇನ್ನೊಂದು ಉಪಯೋಗವಿದೆ. ವ್ಯಾಪಾರ ಆ ಚೌಕದಲ್ಲೇ ಇದ್ದುದಾದರೆ ಆ ದಾಖಲೆ, ಹಳೆಯ ಬಾಡಿಗೆ ಕರಾರು, ಟ್ರೇಡ್ ಲೈಸೆನ್ಸ್, ಅಂಗಡಿ ನೋಂದಣಿ, ಹಳೆಯ ಬಿಲ್ಲು ಪುಸ್ತಕ, ಪತ್ರಿಕೆಯ ಜಾಹೀರಾತು ಇವೆಲ್ಲ ಸೇರಿ 'ಇಂಥ ದಿನದಿಂದ ಬಳಸುತ್ತಿದ್ದೇವೆ' ಎಂಬುದಕ್ಕೆ ಪುರಾವೆಯಾಗುತ್ತವೆ. ವರ್ಷಗಟ್ಟಲೆ ಬಳಸಿ ಹೆಸರು ನಿಮ್ಮ ಅಂಗಡಿಯದೇ ಎಂದು ಜನಕ್ಕೆ ಖಾತ್ರಿಯಾಗಿದ್ದರೆ, ಊರಿನ ಹೆಸರು ಎಂಬ ಆಕ್ಷೇಪವನ್ನೂ ದಾಟಬಹುದು. ಆದರೆ ಬಾಯಿಮಾತು ನಡೆಯದು, ಅಫಿಡವಿಟ್ಟಿನ ಜೊತೆ ಕಾಗದ ಬೇಕು. ಅಜ್ಜನ ಕಾಲದ ಬಿಲ್ಲು ಪುಸ್ತಕವನ್ನು ರದ್ದಿಗೆ ಹಾಕಿದ ಮನೆಗಳು ಆಮೇಲೆ ಪರಿತಪಿಸುವುದು ಇದಕ್ಕೇ.

ಅರ್ಜಿಯ ಹೊತ್ತಿಗೆ

ಮೊದಲು ಹುಡುಕಾಟ. ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು, ಶುಲ್ಕವಿಲ್ಲ. ಕನ್ನಡದ ಹೆಸರನ್ನು ರೋಮನ್ ಅಕ್ಷರದಲ್ಲಿ ಬರೆಯುವಾಗ ದುರ್ಗದ್, ದುರ್ಗಡ, ದುರ್ಗಾ, ಬೈಲ್, ಬಯಲ್, ಬೈಲು ಹೀಗೆ ಆರೆಂಟು ರೂಪ ಬರುತ್ತವೆ. ಎಲ್ಲವನ್ನೂ, ಉಚ್ಚಾರದ ಹುಡುಕಾಟದಲ್ಲೂ, ಹಾಕಿ ನೋಡಬೇಕು. ಹುಬ್ಳಿ, ಹುಬ್ಬಳ್ಳಿ ಎರಡನ್ನೂ ಮರೆಯಬಾರದು. ರೋಮನ್ ಲಿಪಿಯಲ್ಲಿ ಊರಿನ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು; ಅದಕ್ಕೂ ಮೊದಲಿನ ಅರ್ಜಿಗಳು ಹಳೆಯ ರೂಪದಲ್ಲೇ ಇವೆ.

ಅರ್ಜಿ ಟಿಎಂ-ಎ ನಮೂನೆಯಲ್ಲಿ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಆನ್‌ಲೈನಿನಲ್ಲಿ ಸಲ್ಲಿಸಿದರೆ ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗಳಿಗೆ, ಸಣ್ಣ ಉದ್ದಿಮೆಗಳಿಗೆ ಒಂದು ವರ್ಗಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಪಾಲುದಾರಿಕೆ ಸಂಸ್ಥೆಯವರು ಸಣ್ಣ ಉದ್ದಿಮೆಗಳಿಗೆ ಸರಕಾರ ಕೊಡುವ ಉದ್ಯಮ್ ನೋಂದಣಿಯನ್ನು ಮೊದಲೇ ಮಾಡಿಟ್ಟುಕೊಂಡರೆ ಕಡಿಮೆ ದರ ಸಿಗುತ್ತದೆ. ಮರೆತರೆ ಒಂದೊಂದು ವರ್ಗಕ್ಕೂ ದುಪ್ಪಟ್ಟು.

ರೋಮನ್ ಅಕ್ಷರದ ಪದಕ್ಕೊಂದು, ಕನ್ನಡ ಅಕ್ಷರದ ಲೇಬಲ್ಲಿಗೊಂದು ಎಂದು ಎರಡು ಅರ್ಜಿ ಹಾಕುವುದು ಕ್ಷೇಮ. ಕನ್ನಡ ಲಿಪಿ ಇದ್ದರೆ ಅದರ ಲಿಪ್ಯಂತರ ಮತ್ತು ಅರ್ಥವನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೊಡಬೇಕು. ಈ ಅರ್ಥ ಬರೆಯುವ ಜಾಗದಲ್ಲಿ ಬೇಜವಾಬ್ದಾರಿ ಮಾಡಿದರೆ ನಿಮ್ಮ ಅರ್ಜಿಗೆ ನೀವೇ ಆಕ್ಷೇಪ ಬರೆದುಕೊಟ್ಟಂತೆ. 'ಬೈಲಜ್ಜಿ'ಗೆ 'ದುರ್ಗದ ಬೈಲ್ ಎಂಬ ಮಾರುಕಟ್ಟೆಯ ಅಜ್ಜಿ' ಎಂದು ಬರೆಯುವ ಬದಲು ಪದದ ಅರ್ಥವಷ್ಟನ್ನೇ, ಬಯಲು ಮತ್ತು ಅಜ್ಜಿ ಎಂದು, ಬರೆದರೆ ಸಾಕು. ಲೇಬಲ್ಲನ್ನು ಕಪ್ಪು-ಬಿಳುಪಿನಲ್ಲಿ ಕೊಟ್ಟರೆ ಎಲ್ಲ ಬಣ್ಣಗಳಿಗೂ ಅನ್ವಯಿಸುತ್ತದೆ. ಬಣ್ಣ ನಿರ್ದಿಷ್ಟಪಡಿಸಿದರೆ ಹಕ್ಕು ಅಷ್ಟಕ್ಕೇ ಸೀಮಿತವಾಗಬಹುದು.

ಪರೀಕ್ಷಾ ವರದಿಯಲ್ಲಿ ಆಕ್ಷೇಪ ಬಂದರೆ ಕೈಗೆ ಬಂದ ಒಂದು ತಿಂಗಳೊಳಗೆ ಉತ್ತರ ಹೋಗಬೇಕು. ವರದಿ ಮಿಂಚಂಚೆಗೆ ಬರುತ್ತದೆ, ಅದು ಅರ್ಜಿ ತುಂಬಿಕೊಟ್ಟ ಏಜೆಂಟನದೋ ಸೈಬರ್ ಅಂಗಡಿಯವನದೋ ಆಗಿದ್ದರೆ ನಿಮಗೆ ತಿಳಿಯುವುದೇ ಇಲ್ಲ. ಅರ್ಜಿಗಳು ಕೈಬಿಟ್ಟುಹೋಗಲು ಕಾನೂನಿನ ದೋಷಕ್ಕಿಂತ ಈ ಮಿಂಚಂಚೆಯೇ ದೊಡ್ಡ ಕಾರಣ. ಒಪ್ಪಿಗೆಯಾದರೆ ಜರ್ನಲ್ಲಿನಲ್ಲಿ ಪ್ರಕಟ, ಅಲ್ಲಿಂದ 4 ತಿಂಗಳು ಯಾರು ಬೇಕಾದರೂ ವಿರೋಧಿಸಬಹುದು. ನೋಂದಣಿಯ ಅವಧಿ ಅರ್ಜಿಯ ದಿನದಿಂದ 10 ವರ್ಷ. ನೋಂದಣಿ ಸಿಗುವವರೆಗೆ ಹೆಸರಿನ ಪಕ್ಕ ಟಿಎಂ ಹಾಕಿ. ವೃತ್ತದೊಳಗಿನ ಆರ್ ಹಾಕುವುದು ನೋಂದಣಿಯ ನಂತರವೇ, ಮೊದಲೇ ಹಾಕಿದರೆ ದಂಡಕ್ಕೆ ದಾರಿ.

ಕಂಪನಿಯ ಹೆಸರು ಸಿಕ್ಕಿತಲ್ಲ, ಟ್ರೇಡ್‌ಮಾರ್ಕ್ ಏಕೆ ಎಂದು ಕೇಳುವವರಿದ್ದಾರೆ. ಎರಡೂ ಬೇರೆ ಬೇರೆ ಖಾತೆ. ಕಂಪನಿಯ ಹೆಸರಿಗೆ ಒಂದು ಅರ್ಜಿಯಲ್ಲಿ ಎರಡು ಹೆಸರು ಸೂಚಿಸಬಹುದು, ಶುಲ್ಕ 1,000 ರೂಪಾಯಿ, ಒಪ್ಪಿಗೆಯಾದರೆ 20 ದಿನ ಕಾಯ್ದಿರಿಸುತ್ತಾರೆ. ಅದರಿಂದ ಬೋರ್ಡಿನ ಮೇಲಿನ ಹೆಸರಿಗೆ ರಕ್ಷಣೆ ಬರುವುದಿಲ್ಲ. ಜಿಎಸ್‌ಟಿಯ ಟ್ರೇಡ್ ನೇಮ್ ಕೂಡ ಹಾಗೆಯೇ. ಅಲ್ಲಿ ಒಂದೇ ಹೆಸರಿನವರು ಎಷ್ಟು ಜನರಾದರೂ ಇರಬಹುದು.

ಬೋರ್ಡು

ಕರ್ನಾಟಕದಲ್ಲಿ ವಾಣಿಜ್ಯ ಬೋರ್ಡಿನ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಗೆ 2024ರಲ್ಲಿ ಬಂದ ತಿದ್ದುಪಡಿ ಇದು. 12 ಅಡಿ ಅಗಲ, 3 ಅಡಿ ಎತ್ತರದ ಬೋರ್ಡು 36 ಚದರ ಅಡಿ. ಅದರಲ್ಲಿ ಕನ್ನಡಕ್ಕೆ ಕನಿಷ್ಠ 21.6 ಚದರ ಅಡಿ. ಮೇಲಿನ ಸುಮಾರು 22 ಇಂಚಿನ ಪಟ್ಟಿ ಪೂರ್ತಿ ಕನ್ನಡಕ್ಕೆ ಎಂದು ಹಿಡಿದರೆ ಲೆಕ್ಕ ಸರಿಹೋಗುತ್ತದೆ. ಮಧ್ಯದಲ್ಲಿ ದೊಡ್ಡ ಲೋಗೊ ಇಟ್ಟು ಕನ್ನಡವನ್ನು ಮೂಲೆಗೆ ತಳ್ಳುವ ವಿನ್ಯಾಸ ತಪಾಸಣೆಯಲ್ಲಿ ನಿಲ್ಲುವುದಿಲ್ಲ. ಜಿಎಸ್‌ಟಿ ನೋಂದಣಿ ಇದ್ದರೆ ಅದರ ನಂಬರನ್ನೂ ಬಾಗಿಲ ಬಳಿಯ ಬೋರ್ಡಿನಲ್ಲಿ ಬರೆಯಬೇಕು.

ಅಕ್ಷರದ ಅಳತೆಗೆ ಬೋರ್ಡು ಬರೆಯುವವರ ರೂಢಿಯ ಲೆಕ್ಕ: 10 ಅಡಿ ದೂರಕ್ಕೆ 1 ಇಂಚು. 60 ಅಡಿ ರಸ್ತೆಯ ಆಚೆಯಿಂದ ಓದಲು 6 ಇಂಚು, ಬೈಕಿನಲ್ಲಿ ಹೋಗುವವನಿಗೆ ಅದರ ಎರಡು ಪಟ್ಟು. ಈ ಲೆಕ್ಕ ರೋಮನ್ ಅಕ್ಷರಕ್ಕೆ ಹುಟ್ಟಿದ್ದು, ಕನ್ನಡಕ್ಕೆ ಒತ್ತಕ್ಷರದ ಜಾಗ ಸೇರಿಸಬೇಕು. 'ಚೆನ್ನಮ್ಮ' ಎಂಬಲ್ಲಿ ಎರಡು ಒತ್ತುಗಳು ಕೆಳಗಿಳಿಯುತ್ತವೆ, 'ಬೈಲ್' ಎಂಬಲ್ಲಿ ಐತ್ವದ ಕೊಂಡಿ ಇಳಿಯುತ್ತದೆ. 12 ಇಂಚಿನ ಅಕ್ಷರಕ್ಕೆ ಮೇಲೆ ಕೆಳಗೆ ಸೇರಿ 18ರಿಂದ 20 ಇಂಚು ಬೇಕೆಂದು ಮೊದಲೇ ಹಿಡಿಯಿರಿ. ಇಲ್ಲವಾದರೆ ಒತ್ತುಗಳನ್ನು ಕುಗ್ಗಿಸಿ ಕೆಳಗಿನ ಸಾಲಿಗೆ ತಾಗಿಸಿಬಿಡುತ್ತಾರೆ.

ರಾತ್ರಿ ಬೆಳಗುವ ಬಿಡಿ ಅಕ್ಷರಗಳಲ್ಲಿ ಇನ್ನೊಂದು ಪಜೀತಿ. ಸಾಮಾನ್ಯ ಎಲ್‌ಇಡಿ ಮಾಡ್ಯೂಲ್ ಸುಮಾರು 3 ಇಂಚು ಉದ್ದ ಇರುತ್ತದೆ. ಒತ್ತಕ್ಷರದ ತುಂಡು ಅದಕ್ಕಿಂತ ಚಿಕ್ಕದಾದರೆ ಒಳಗೆ ದೀಪ ಕೂರುವುದಿಲ್ಲ. ಹಗಲು ಚೆನ್ನಮ್ಮ, ರಾತ್ರಿ ಚೆನಮ! ಅಕ್ಷರ ದೊಡ್ಡದು ಮಾಡಲು ಜಾಗವಿಲ್ಲದಿದ್ದರೆ ಬಿಡಿ ಅಕ್ಷರದ ಆಸೆ ಬಿಟ್ಟು, ಹಿಂದಿನಿಂದ ಬೆಳಕು ಬರುವ ಪೆಟ್ಟಿಗೆ ಬೋರ್ಡು ಮಾಡಿಸಿ.

ಬೋರ್ಡಿನ ಹಿನ್ನೆಲೆಗೆ ಬಳಸುವ ಎಸಿಪಿ (ಅಲ್ಯೂಮಿನಿಯಂ ಪದರದ) ಹಾಳೆ ಬರುವುದು 8 ಅಡಿ ಉದ್ದ, 4 ಅಡಿ ಅಗಲದಲ್ಲಿ. 12 ಅಡಿಯ ಬೋರ್ಡಿಗೆ ಒಂದು ಜೋಡಣೆ ಬಂದೇ ಬರುತ್ತದೆ. 8 ಮತ್ತು 4 ಎಂದು ಕತ್ತರಿಸುವುದು ಕೆಲಸಗಾರನಿಗೆ ಸುಲಭ, ಆದರೆ ಆ ಗೆರೆ ಯಾವುದೋ ಅಕ್ಷರದ ಹೊಟ್ಟೆ ಸೀಳುತ್ತದೆ. ಅಕ್ಷರಗಳ ನಡುವಿನ ತೆರಪು ಎಲ್ಲಿ ಬರುತ್ತದೆ ನೋಡಿ ಅಲ್ಲಿಗೆ ಜೋಡಣೆ ತರಿಸಿ.

ಕೊನೆಯದಾಗಿ ಅರ್ಧಾಕ್ಷರ. 'ಬೈಲ್‌ಕಟ್ಟೆ' ಎಂದು ಮೊಬೈಲಿನಲ್ಲಿ ಟೈಪಿಸಿ ಕಳಿಸಿದ್ದು ಬೋರ್ಡಿನವನ ಕಂಪ್ಯೂಟರಿನಲ್ಲಿ ತೆರೆದಾಗ 'ಬೈಲ್ಕಟ್ಟೆ' ಆಗಿರುತ್ತದೆ. ಯೂನಿಕೋಡಿನಿಂದ ನುಡಿ ಅಥವಾ ಬರಹ ತಂತ್ರಾಂಶದ ಅಕ್ಷರಕ್ಕೆ ಬದಲಿಸುವಾಗ ನಡುವಿನ ಕಾಣದ ತಡೆ ಕಳಚಿಹೋಗುವುದರಿಂದ ಹೀಗಾಗುತ್ತದೆ. ಹೆಸರನ್ನು ಅಕ್ಷರವಾಗಿ ಕಳಿಸಬೇಡಿ. ಬಾಹ್ಯರೇಖೆಗೆ ಬದಲಿಸಿದ ಪಿಡಿಎಫ್ ಕಳಿಸಿ, ಕತ್ತರಿಸುವ ಮೊದಲು ಮುದ್ರಿಸಿದ ಕಾಗದದ ಮೇಲೆ ಸಹಿ ಮಾಡಿ.

ದಾರಿ ತಪ್ಪುವ ಗಿರಾಕಿ

ಚೌಕದ ಹೆಸರಿನ ಅಂಗಡಿ ಚೌಕದಲ್ಲಿ ಇಲ್ಲದಿದ್ದರೆ ದಿನನಿತ್ಯದ ಗೋಳು ಶುರು. ವಿದ್ಯಾನಗರದಲ್ಲಿ 'ದುರ್ಗದ ಬೈಲ್' ಎಂಬ ಹೋಟೆಲಿದ್ದರೆ ಆಟೋದವನು ಹೋಗುವುದು ದುರ್ಗದ ಬೈಲಿಗೆ. ನಕಾಶೆಯಲ್ಲಿ ಹುಡುಕಿದರೂ ಮೊದಲು ಬರುವುದು ಬೈಲೇ, ನೀವಲ್ಲ. ಪಾರ್ಸಲ್ ತರುವ ಹುಡುಗ ಅಲ್ಲಿ ನಿಂತು ಫೋನ್ ಮಾಡುತ್ತಾನೆ, 'ಎಲ್ಲಿ ಐತ್ರೀ ನಿಮ್ಮ ಅಂಗಡಿ? ನಾ ಬೈಲಿನ್ಯಾಗ ಅದೀನಿ'. ಊಟ ಆರಿಹೋಗುತ್ತದೆ, ರೇಟಿಂಗ್ ಇಳಿಯುತ್ತದೆ. ಇದನ್ನು ಸರಿಪಡಿಸಲು ಗೂಗಲ್ ಪ್ರೊಫೈಲಿನಲ್ಲಿ ಹೆಸರಿನ ಜೊತೆ 'ವಿದ್ಯಾನಗರ ಬೆಸ್ಟ್ ಜೋಳದ ರೊಟ್ಟಿ ಊಟ' ಎಂದೆಲ್ಲ ಸೇರಿಸುತ್ತಾರೆ. ಬೋರ್ಡಿನಲ್ಲಿ ಇಲ್ಲದ್ದನ್ನು ಅಲ್ಲಿ ಸೇರಿಸಿದರೆ ಪ್ರೊಫೈಲ್ ಅಮಾನತಾಗುವ ಅಪಾಯವಿದೆ.

ಹೆಸರು ಅಂತಿಮ ಮಾಡುವ ಮೊದಲು ಎರಡು ಪರೀಕ್ಷೆ ಮಾಡಿ. ಮೊದಲನೆಯದು ಆಟೋ ಪರೀಕ್ಷೆ: ಬೇರೆ ಬೇರೆ ಸ್ಟ್ಯಾಂಡಿನ ಐದು ಜನ ಆಟೋದವರಿಗೆ ಬರೀ ಹೆಸರು ಹೇಳಿ, ಎಲ್ಲಿಗೆ ಎಂದು ಕೇಳಿ. 'ಯಾವ ಏರಿಯಾರೀ?' ಎಂದು ಮರುಪ್ರಶ್ನೆ ಬಂದರೆ ಹೆಸರು ನಡೆಯುತ್ತದೆ. ನೇರ ಚೌಕಕ್ಕೆ ಗಾಡಿ ತಿರುಗಿಸಿದರೆ ಹೆಸರಿನಲ್ಲಿ ನಿಮ್ಮ ಪಾಲು ಇನ್ನೂ ಕಡಿಮೆಯಿದೆ. ಎರಡನೆಯದು ವಾಟ್ಸ್ಆ್ಯಪ್ ಪರೀಕ್ಷೆ: ಇಪ್ಪತ್ತು ಜನಕ್ಕೆ ಫೋನಿನಲ್ಲಿ ಹೆಸರು ಹೇಳಿ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸಲು ಹೇಳಿ. ಮೂರಕ್ಕಿಂತ ಹೆಚ್ಚು ರೂಪ ಬಂದರೆ ಹೆಸರನ್ನು ಸರಳಗೊಳಿಸಿ. ಮೂರೊಳಗೆ ಇದ್ದರೆ ಆ ಮೂರೂ ಡೊಮೇನುಗಳನ್ನು ಅದೇ ದಿನ ಕೊಳ್ಳಿ.

ಎಷ್ಟೋ ಸಲ ಅಂಗಡಿಗೆ ಸ್ವಂತದ ಹೆಸರಿಟ್ಟು, ಚೌಕಗಳ ಹೆಸರನ್ನು ಒಳಗೆ ಬಳಸುವುದೇ ಜಾಣತನ. ಮೆನುವಿನಲ್ಲಿ ಬೈಲ್ ಗಿರ್ಮಿಟ್, ಟಾಂಗಾಕೂಟ ಚಹಾ ಎಂದಿದ್ದರೆ ಯಾರ ತಕರಾರೂ ಇಲ್ಲ, ಆಟೋದವನೂ ದಾರಿ ತಪ್ಪುವುದಿಲ್ಲ.

ಪಾಲುದಾರಿಕೆ ಇದ್ದರೆ ಕರಾರು ಪತ್ರದಲ್ಲಿ ಹೆಸರು ಯಾರದು ಎಂಬ ಒಂದು ಕಲಮು ಹಾಕಿಸಿ: ಟ್ರೇಡ್‌ಮಾರ್ಕ್ ಸಂಸ್ಥೆಯ ಹೆಸರಿನಲ್ಲೋ ಒಬ್ಬ ಪಾಲುದಾರನ ಹೆಸರಿನಲ್ಲೋ, ಬೇರೆಯಾದಾಗ ಯಾರು ಬಳಸಬಹುದು, ಯಾವ ಊರಿನಲ್ಲಿ, ಬಿಟ್ಟುಕೊಡುವವನಿಗೆ ಎಷ್ಟು. ದಿಲ್ಲಿಯ ಚಾಂದನಿ ಚೌಕದ ಹಲ್ದಿರಾಮ್ ಮನೆತನದ ಹೆಸರಿನ ವ್ಯಾಜ್ಯ 2000ನೇ ಇಸವಿಯಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಅಲ್ಲಿ ಎದ್ದ ಒಂದು ಪ್ರಶ್ನೆ, ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆ ತನ್ನ ಹೆಸರಿನ ದುರ್ಬಳಕೆ ತಡೆಯಲು ದಾವೆ ಹಾಕಬಹುದೇ ಎಂಬುದು. ಹಾಕಬಹುದು ಎಂದಿತು ನ್ಯಾಯಾಲಯ. ಆದರೂ ಸಂಸ್ಥೆಯನ್ನು ರಿಜಿಸ್ಟ್ರಾರ್ ಆಫ್ ಫರ್ಮ್ಸ್ ಬಳಿ ನೋಂದಾಯಿಸಿಬಿಡಿ. ಹೆಸರಿಗೆ ಸಿಕ್ಕ ಆ ವಿನಾಯಿತಿ, ಕರಾರಿನ ಬಾಕಿ ವಸೂಲಿಗೆ ಹೊರಗಿನವರ ಮೇಲೆ ಹಾಕುವ ದಾವೆಗೆ ಸಿಗುವುದಿಲ್ಲ.